ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣುತ್ತಾ? ಫುಟಿ ಡ್ರಾಫ್ಟ್‌ನ ಕೊನೆಯ ಸುತ್ತುಗಳ ಲೆಕ್ಕ

ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಿಂದ ಮಾತಾಡ್ತಿದ್ದೀನಿ. ಇವತ್ತು ಕಡಲ ಕಡೆಯಿಂದ ಗಾಳಿ ಜೋರಾಗಿದೆ, ಮೈಕಿನಲ್ಲಿ ಸ್ವಲ್ಪ ಕೇಳಿಸಿದ್ರೆ ಕ್ಷಮಿಸಿ.

ಈ ಸಂಚಿಕೆ ಹುಟ್ಟಿದ್ದು ಕನ್ನಡ ಶಾಲೆಯ ಕಾರ್ ಪಾರ್ಕಿಂಗ್‌ನಲ್ಲಿ. ಸ್ನೇಹಿತರೊಬ್ಬರು ಮಗನಿಗೆ ಕಾಯ್ತಾ ನಿಂತಿದ್ರು, ಮುಖ ಸಪ್ಪಗಿತ್ತು. ಹುಡುಗನಿಗೆ 13 ವರ್ಷ, ಎಂಟನೇ ಕ್ಲಾಸು. ಐದು ವರ್ಷದವನಿದ್ದಾಗ ಆಸ್‌ಕಿಕ್‌ಗೆ ಸೇರಿದೋನು, ಅವತ್ತಿನಿಂದ ಫುಟಿ ಅಂದ್ರೆ ಪ್ರಾಣ. ಈ ಸಲ 14ರ ಒಳಗಿನವರ ಪ್ರಾದೇಶಿಕ ತಂಡದ ಆಯ್ಕೆಗೆ ಹೋಗಿದ್ದ. ಕೊನೆಯ ಪಟ್ಟಿ ಬಂದಾಗ ಅವನ ಹೆಸರಿರಲಿಲ್ಲ. ಎರಡು ದಿನ ಬೂಟು ಮುಟ್ಟಿಲ್ಲವಂತೆ.

ಅಪ್ಪ ನನ್ನನ್ನ ಕೇಳಿದ್ದು ಇಷ್ಟು: "ನೀವು ಬಯಾಲಜಿ ಓದಿದೋರು, ಹೇಳಿ. ಇಷ್ಟು ಬೇಗ ಗೊತ್ತಾಗಿಬಿಡುತ್ತಾ? ಇದನ್ನೆಲ್ಲ ಬಿಡಿಸಿ ಸುಜಾನ್ ಕೋರಿ ಶಾಲೆಯ ಎಂಟ್ರೆನ್ಸ್‌ಗೆ ಓದಿಸೋದೇ ವಾಸಿನಾ?" ಊರಿಂದ ಅಜ್ಜಿ ಫೋನಿನಲ್ಲಿ "ಬೆಳೆಯುವ ಸಿರಿ ಮೊಳಕೆಯಲ್ಲಿ" ಅಂತ ಬೇರೆ ಹೇಳಿಬಿಟ್ಟಿದ್ರಂತೆ.

ನಾನು ಆಗ ಸರಿಯಾದ ಉತ್ತರ ಕೊಡಲಿಲ್ಲ. ಈಗ ಕೊಡ್ತೀನಿ. ಅದಕ್ಕೆ ನಮ್ಮ ಕಣ್ಣೆದುರೇ ಪ್ರತಿ ವರ್ಷ ನಡೆಯೋ ಒಂದು ದೊಡ್ಡ ಪ್ರಯೋಗ ಇದೆ: ಎಎಫ್‌ಎಲ್ ಡ್ರಾಫ್ಟ್.

ಡ್ರಾಫ್ಟ್ ಅಂದ್ರೆ ಏನು

ಆಸ್ಟ್ರೇಲಿಯಾದ ಆಚೆಯಿಂದ ಕೇಳ್ತಿರೋರಿಗೆ ಎರಡು ಮಾತು. ಫುಟಿ ಅಂದ್ರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಎಎಫ್‌ಎಲ್ ಅದರ ಅತಿ ದೊಡ್ಡ ಲೀಗ್, ಈಗ 18 ಕ್ಲಬ್‌ಗಳಿವೆ. ಐಪಿಎಲ್‌ನಲ್ಲಿ ಹರಾಜು ನಡೆಯುತ್ತಲ್ಲ, ಇಲ್ಲಿ ಹಾಗಿಲ್ಲ. ಇಲ್ಲಿ ಸರದಿ. ಹೋದ ಸಲ ಕೊನೆಯಲ್ಲಿದ್ದ ಕ್ಲಬ್‌ಗೆ ಮೊದಲ ಆಯ್ಕೆ, ಚಾಂಪಿಯನ್‌ಗೆ ಕೊನೆಯದು. ಹೀಗೆ ಸುತ್ತಿನ ಮೇಲೆ ಸುತ್ತು. ಪ್ರತಿ ಆಯ್ಕೆಗೂ ಒಂದು ನಂಬರ್, ಅದನ್ನೇ ಪಿಕ್ ಅಂತಾರೆ. ಈ ವ್ಯವಸ್ಥೆ ಶುರುವಾಗಿದ್ದು 1986ರಲ್ಲಿ. ರಾಷ್ಟ್ರೀಯ ಡ್ರಾಫ್ಟ್‌ನಲ್ಲಿ ಉಳಿದುಹೋದವರಿಗೆ ಆಮೇಲೆ ರೂಕಿ ಡ್ರಾಫ್ಟ್ ಅಂತ ಇನ್ನೊಂದು ಸಣ್ಣ ಬಾಗಿಲು ಇದೆ. ಸಿಡ್ನಿಯಲ್ಲಿ ಕೇಳ್ತಿರೋರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಯಾಕಂದ್ರೆ ರಗ್ಬಿ ಲೀಗ್‌ನಲ್ಲಿ ತಂದಿದ್ದ ಡ್ರಾಫ್ಟನ್ನ 1991ರಲ್ಲಿ ಫೆಡರಲ್ ಕೋರ್ಟ್ ರದ್ದು ಮಾಡಿತು.

ಒಬ್ಬ ವಿಜ್ಞಾನಿಗೆ ಈ ಡ್ರಾಫ್ಟ್ ಯಾಕೆ ಇಷ್ಟ ಅಂದ್ರೆ, ಇದು ಬರೆದಿಟ್ಟ ಭವಿಷ್ಯವಾಣಿ. ಪರಿಣತರು ವರ್ಷಗಟ್ಟಲೆ ಹುಡುಗರನ್ನ ನೋಡಿ, 20 ಮೀಟರ್ ಓಟ, 2 ಕಿಲೋಮೀಟರ್ ಓಟ, ಎತ್ತರ ಜಿಗಿತ ಎಲ್ಲ ಅಳೆದು, "ಇವನು ಮೂರನೇಯವನು, ಇವನು ಐವತ್ತೆಂಟನೇಯವನು" ಅಂತ ಸಾರ್ವಜನಿಕವಾಗಿ ಹೇಳಿಬಿಡ್ತಾರೆ. ಹತ್ತು ವರ್ಷ ಕಾದರೆ ಉತ್ತರ ಪತ್ರಿಕೆ ಸಿಗುತ್ತೆ.

2001ರ ಉತ್ತರ ಪತ್ರಿಕೆ

2001ರ ಡ್ರಾಫ್ಟನ್ನೇ ತಗೊಳ್ಳಿ. ಮೊದಲ ಪಿಕ್ ಲೂಕ್ ಹಾಡ್ಜ್. ನಾಲ್ಕು ಪ್ರೀಮಿಯರ್‌ಶಿಪ್ ಗೆದ್ದ ಆಟಗಾರ, ಅದರಲ್ಲಿ ಮೂರನ್ನ ನಾಯಕನಾಗಿ ಗೆದ್ದ. ಮೂರನೇ ಪಿಕ್ ಕ್ರಿಸ್ ಜಡ್. ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡೋ ಬ್ರೌನ್‌ಲೋ ಪದಕವನ್ನ 2004 ಮತ್ತು 2010ರಲ್ಲಿ ಎರಡು ಸಲ ಗೆದ್ದ. ಅಂದ್ರೆ ಪರಿಣತರ ಕಣ್ಣು ಸುಳ್ಳಲ್ಲ. ಪಟ್ಟಿಯ ತುದಿಯಲ್ಲಿ ಅವರು ಬೆರಳಿಟ್ಟ ಜಾಗ ಸರಿಯಾಗೇ ಇತ್ತು.

ಈಗ ಅದೇ ಪಟ್ಟಿಯಲ್ಲಿ ಕೆಳಗೆ ಇಳಿಯೋಣ. 36ನೇ ಪಿಕ್ ಸ್ಯಾಮ್ ಮಿಚೆಲ್. 40ನೇ ಪಿಕ್ ಗ್ಯಾರಿ ಆಬ್ಲೆಟ್ ಜೂನಿಯರ್. 58ನೇ ಪಿಕ್ ಡೇನ್ ಸ್ವಾನ್. ಮುಂದೆ ಏನಾಯ್ತು ನೋಡಿ. 2009ರ ಬ್ರೌನ್‌ಲೋ ಆಬ್ಲೆಟ್‌ಗೆ, 2010ರದ್ದು ಜಡ್‌ಗೆ, 2011ರದ್ದು ಸ್ವಾನ್‌ಗೆ, 2012ರದ್ದು ಮಿಚೆಲ್ ಮತ್ತು ಟ್ರೆಂಟ್ ಕಾಚಿನ್ ಇಬ್ಬರಿಗೂ, 2013ರದ್ದು ಮತ್ತೆ ಆಬ್ಲೆಟ್‌ಗೆ. ಐದು ವರ್ಷ ಸತತವಾಗಿ ಆ ಒಂದೇ ಡ್ರಾಫ್ಟ್‌ನವರು ಪದಕದಲ್ಲಿ ಪಾಲು ತಗೊಂಡ್ರು, ಅವರಲ್ಲಿ ಮೂವರು 35ರ ಆಚೆಗೆ ಆಯ್ಕೆಯಾದವರು.

ಇಲ್ಲಿ ಒಂದು ತಿದ್ದುಪಡಿ ಹೇಳಲೇಬೇಕು. ಆಬ್ಲೆಟ್‌ನ 40ನೇ ನಂಬರು ಅವನ ಬಗ್ಗೆ ಪರಿಣತರ ಅಭಿಪ್ರಾಯ ಅಲ್ಲ. ಅಪ್ಪ ಅದೇ ಕ್ಲಬ್‌ಗೆ ಆಡಿದ್ದರಿಂದ ಸಿಗೋ ತಂದೆ-ಮಗ ನಿಯಮದಲ್ಲಿ ಜೀಲಾಂಗ್ ಅವನನ್ನ ತಗೊಂಡಿತು. ಆದರೆ ಮಿಚೆಲ್ ಮತ್ತು ಸ್ವಾನ್ ವಿಷಯದಲ್ಲಿ ಅಂಥ ನೆಪ ಇಲ್ಲ. ಇನ್ನು 2014ರಲ್ಲಿ ಪದಕ ಗೆದ್ದ ಮ್ಯಾಟ್ ಪ್ರಿಡಿಸ್ ಬಂದಿದ್ದು ರೂಕಿ ಡ್ರಾಫ್ಟ್‌ನಿಂದ. ರಾಷ್ಟ್ರೀಯ ಡ್ರಾಫ್ಟ್‌ನಲ್ಲಿ ಯಾವ ಕ್ಲಬ್ಬೂ ಅವನ ಹೆಸರು ಹೇಳಿರಲಿಲ್ಲ.

ಹಾಗಾದ್ರೆ ಪರಿಣತರು ತುದಿಯಲ್ಲಿ ಜಾಣರು, ಮಧ್ಯದಲ್ಲಿ ದಡ್ಡರಾ? ಅವರ ಜಾಣತನ ಎರಡೂ ಕಡೆ ಒಂದೇ. ಬದಲಾಗೋದು ಅವರು ಅಳೀತಿರೋ ವಸ್ತುವಿನ ಆಕಾರ.

ಸಾವಿರ ಹುಡುಗರ ಸಾಲು

ಒಂದು ಲೆಕ್ಕ ಮಾಡೋಣ. 18 ವರ್ಷದ ಸಾವಿರ ಹುಡುಗರನ್ನ ಒಂದು ಮೈದಾನದಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ. ಸರಾಸರಿ ಎತ್ತರ 178 ಸೆಂಟಿಮೀಟರ್ ಅಂತ ಇಟ್ಕೊಳ್ಳಿ. ಹರವು, ಅಂದ್ರೆ ಸ್ಟಾಂಡರ್ಡ್ ಡೀವಿಯೇಶನ್, 7 ಸೆಂಟಿಮೀಟರ್. ಎತ್ತರ ಗಂಟೆಯಾಕಾರದಲ್ಲಿ ಹರಡಿರುತ್ತೆ: ಮಧ್ಯದಲ್ಲಿ ಜನ ಕಿಕ್ಕಿರಿದಿರ್ತಾರೆ, ತುದಿಯಲ್ಲಿ ಬೆರಳೆಣಿಕೆ.

ಲೆಕ್ಕ ಹಾಕಿದ್ರೆ ಎಲ್ಲರಿಗಿಂತ ಎತ್ತರದವನು ಸುಮಾರು 201 ಸೆಂಟಿಮೀಟರ್ ಬರ್ತಾನೆ. ಹತ್ತನೇಯವನು 194ರ ಆಸುಪಾಸು. ಇಬ್ಬರ ನಡುವೆ ಆರು ಸೆಂಟಿಮೀಟರ್‌ಗೂ ಹೆಚ್ಚು. ದೂರದಿಂದಲೇ ಕಾಣುತ್ತೆ, ಟೇಪೇ ಬೇಡ. ಈಗ 50ನೇಯವನನ್ನೂ 60ನೇಯವನನ್ನೂ ಅಕ್ಕಪಕ್ಕ ನಿಲ್ಲಿಸಿ. ಅದೇ ಹತ್ತು ಸ್ಥಾನದ ಅಂತರ. ವ್ಯತ್ಯಾಸ ಎಷ್ಟು ಗೊತ್ತಾ? ಸುಮಾರು 6 ಮಿಲಿಮೀಟರ್.

ನಮ್ಮೆಲ್ಲರ ಎತ್ತರವೂ ಬೆಳಗ್ಗೆಯಿಂದ ಸಂಜೆಗೆ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗುತ್ತೆ. ದಿನವಿಡೀ ನಿಂತು ಓಡಾಡಿದಾಗ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ಒತ್ತಿಕೊಂಡು ತೆಳ್ಳಗಾಗ್ತವೆ. ಅಂದ್ರೆ 60ನೇಯವನನ್ನ ಬೆಳಗ್ಗೆ ಅಳೆದು, 50ನೇಯವನನ್ನ ಸಂಜೆ ಅಳೆದ್ರೆ ಸಾಲು ತಿರುಗುಮುರುಗು! ಹುಡುಗರು ಬದಲಾಗಿಲ್ಲ, ಅಳತೆಯ ಹೊತ್ತು ಬದಲಾಯ್ತು ಅಷ್ಟೆ.

ಎತ್ತರವನ್ನ ಟೇಪ್ ಹಿಡಿದು ಅಳೀಬಹುದು, ಅದರಲ್ಲೇ ಈ ಕಥೆ. ಆಟದ ಪ್ರತಿಭೆಗೆ ಅಂಥ ಟೇಪೇ ಇಲ್ಲ. ಆ ದಿನದ ನಿದ್ದೆ, ಮಂಡಿನೋವು, ಒದ್ದೆ ಮೈದಾನ, ಪಕ್ಕದಲ್ಲಿ ಆಡಿದವರ ಗುಣಮಟ್ಟ, ನೋಡಲು ಬಂದವರ ಗಮನ, ಎಲ್ಲವೂ ಅಳತೆಯೊಳಗೆ ಬೆರೆತುಹೋಗುತ್ತೆ. ಇದನ್ನ ನಾವು ನಾಯ್ಸ್ ಅಂತೀವಿ, ಗದ್ದಲ. ತುದಿಯಲ್ಲಿ ವ್ಯತ್ಯಾಸಗಳು ದೊಡ್ಡವು, ಗದ್ದಲವನ್ನ ಮೀರಿ ಕಾಣ್ತವೆ. ಕೊನೆಯ ಸುತ್ತುಗಳಲ್ಲಿ ವ್ಯತ್ಯಾಸಗಳಿಗಿಂತ ಗದ್ದಲವೇ ದೊಡ್ಡದು. "ಈ ವರ್ಷದ ಡ್ರಾಫ್ಟ್ ಆಳವಾಗಿದೆ" ಅಂತ ಫುಟಿ ಪಂಡಿತರು ಹೇಳ್ತಾರಲ್ಲ, ಅದರ ಅರ್ಥ ಇದೇ: ಕೆಳಗಿನ ಸಾಲಿನಲ್ಲಿ ಹೆಚ್ಚುಕಡಿಮೆ ಒಂದೇ ತೂಕದ ಹುಡುಗರು ತುಂಬಾ ಜನ ಇದ್ದಾರೆ.

ಎಎಫ್‌ಎಲ್‌ಗೂ ಈ ಆಕಾರ ಗೊತ್ತು. 2015ರಲ್ಲಿ ಅವರು ಪ್ರತಿ ಪಿಕ್‌ಗೂ ಒಂದು ಅಂಕ ಕೊಟ್ಟು ಪಟ್ಟಿ ಜಾರಿಗೆ ತಂದ್ರು. ಮೊದಲ ಪಿಕ್‌ಗೆ 3000 ಅಂಕ, ಎರಡನೇಯದಕ್ಕೆ 2517. ಒಂದೇ ಹೆಜ್ಜೆಗೆ 483 ಅಂಕ ಇಳಿಕೆ. 58ನೇ ಪಿಕ್‌ಗೆ 170, 59ಕ್ಕೆ 158. ಅಲ್ಲಿ ಒಂದು ಹೆಜ್ಜೆಗೆ ಬರೀ 12. 73ನೇ ಪಿಕ್‌ಗೆ 9 ಅಂಕ, ಅದರಾಚೆ ಸೊನ್ನೆ. ಆಮೇಲೆ ಪಟ್ಟಿಯನ್ನ ಪರಿಷ್ಕರಿಸಿದ್ದಾರೆ, ಆದರೆ ರೇಖೆಯ ಆಕಾರ ಅದೇ.

ಆ ಸೊನ್ನೆ ನೋಡಿದಾಗೆಲ್ಲ ನನಗೆ ಜೇಮ್ಸ್ ಹರ್ಡ್ ನೆನಪಾಗ್ತಾನೆ. 1990ರ ಡ್ರಾಫ್ಟ್‌ನಲ್ಲಿ ಎಸೆಂಡನ್ ಅವನನ್ನ ತಗೊಂಡಿದ್ದು 79ನೇ ಪಿಕ್‌ನಲ್ಲಿ. ಅವನು 253 ಪಂದ್ಯ ಆಡಿದ, ಎರಡು ಪ್ರೀಮಿಯರ್‌ಶಿಪ್ ಗೆದ್ದ, 1996ರ ಬ್ರೌನ್‌ಲೋವನ್ನ ಹಂಚಿಕೊಂಡ.

ಸ್ವಲ್ಪ ತಡೀರಿ

ಇಲ್ಲಿಗೆ ನಿಲ್ಲಿಸಿದ್ರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಹರ್ಡ್, ಸ್ವಾನ್ ಹೆಸರು ನಮಗೆ ಗೊತ್ತಿರೋದು ಅವರು ಗೆದ್ದಿದ್ದರಿಂದ. ಕೊನೆಯ ಸುತ್ತುಗಳಲ್ಲಿ ಆಯ್ಕೆಯಾಗಿ, ಒಂದೆರಡು ವರ್ಷ ಇದ್ದು, ನಾಲ್ಕಾರು ಪಂದ್ಯ ಆಡಿಯೋ ಆಡದೆಯೋ ಮನೆಗೆ ಹೋದವರೇ ಹೆಚ್ಚು. ಅವರ ಬಗ್ಗೆ ಯಾರೂ ಕಥೆ ಹೇಳಲ್ಲ. ಉಳಿದವರನ್ನ ಮಾತ್ರ ಎಣಿಸೋ ಈ ತಪ್ಪಿಗೆ ಸರ್ವೈವರ್‌ಶಿಪ್ ಬಯಾಸ್ ಅಂತ ಹೆಸರು. ಒಟ್ಟಾರೆ ಸರಾಸರಿ ತೆಗೆದ್ರೆ ಮೊದಲ ಸುತ್ತಿನವರು ಕೊನೆಯ ಸುತ್ತಿನವರಿಗಿಂತ ಮುಂದೆಯೇ ಇರ್ತಾರೆ.

ಹಾಗಾಗಿ ಪ್ರಶ್ನೆಯನ್ನ ಸರಿಯಾಗಿ ಕೇಳಬೇಕು. 1ನೇಯವನನ್ನ 60ನೇಯವನ ಜೊತೆ ಹೋಲಿಸೋದು ಬೇಡ. ಅಕ್ಕಪಕ್ಕದಲ್ಲಿ ಆಯ್ಕೆಯಾದವರನ್ನ ಹೋಲಿಸಿ. ಅಮೆರಿಕದ ಎನ್‌ಎಫ್‌ಎಲ್ ಡ್ರಾಫ್ಟ್ ಮೇಲೆ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಇದನ್ನೇ ಮಾಡಿದ್ರು. ಥೇಲರ್ ಅಂದ್ರೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಒಂದೇ ಸ್ಥಾನದಲ್ಲಿ ಆಡೋ, ಒಬ್ಬನ ಹಿಂದೆ ಒಬ್ಬ ಆಯ್ಕೆಯಾದ ಇಬ್ಬರಲ್ಲಿ ಮೊದಲು ಆಯ್ಕೆಯಾದವನೇ ಮುಂದೆ ಮೇಲುಗೈ ಸಾಧಿಸೋ ಸಾಧ್ಯತೆ ನೂರಕ್ಕೆ 52ರ ಆಸುಪಾಸು ಅಂತ ಕಂಡುಬಂತು. ನಾಣ್ಯ ಚಿಮ್ಮಿದ್ರೆ 50 ಬರುತ್ತೆ.

ಇನ್ನೊಂದು ತೊಡಕಿದೆ. ನಂಬರು ಬರೀ ಭವಿಷ್ಯ ಹೇಳಲ್ಲ, ಭವಿಷ್ಯವನ್ನ ಮಾಡುತ್ತೆ ಕೂಡ. 1995ರಲ್ಲಿ ಬ್ಯಾರಿ ಸ್ಟಾ ಮತ್ತು ಹಾ ಹೋಆಂಗ್ ಅನ್ನೋ ಸಂಶೋಧಕರು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯನ್ನ ನೋಡಿದ್ರು. ಇಬ್ಬರು ಆಟಗಾರರ ಪ್ರದರ್ಶನ ಒಂದೇ ಮಟ್ಟದ್ದಾಗಿದ್ರೂ, ಡ್ರಾಫ್ಟ್‌ನಲ್ಲಿ ಮೊದಲು ಆಯ್ಕೆಯಾದವನಿಗೆ ಹೆಚ್ಚು ಆಟದ ಸಮಯ ಸಿಗ್ತಿತ್ತು, ಅವನು ಲೀಗ್‌ನಲ್ಲಿ ಹೆಚ್ಚು ವರ್ಷ ಉಳೀತಿದ್ದ. ಕ್ಲಬ್ ಅವನ ಮೇಲೆ ಬಂಡವಾಳ ಹಾಕಿರುತ್ತಲ್ಲ, ಕೈಬಿಡೋಕೆ ಮನಸ್ಸು ಬರಲ್ಲ. ಹೀಗೆ 6 ಮಿಲಿಮೀಟರ್‌ನ ಅಂತರ ವರ್ಷಗಳು ಕಳೆದಂತೆ ನಿಜವಾದ ಅಂತರವಾಗಿ ಬೆಳೆಯುತ್ತೆ. ಮೊದಲನೇ ಬೆಂಚು, ಕೊನೇ ಬೆಂಚು ಅಂತ ಕೂತು ಓದಿದ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

13ನೇ ವಯಸ್ಸಿನ ಗದ್ದಲ

ಇಷ್ಟೆಲ್ಲ 18 ವರ್ಷದವರ ಮಾತಾಯ್ತು. ನನ್ನ ಸ್ನೇಹಿತರ ಮಗನಿಗೆ 13. ಅಲ್ಲಿ ಗದ್ದಲ ಇನ್ನೂ ಹೆಚ್ಚು, ಅದಕ್ಕೆ ಕಾರಣ ಶುದ್ಧ ಜೀವಶಾಸ್ತ್ರ.

ಗಂಡುಮಕ್ಕಳಲ್ಲಿ ಎತ್ತರದ ಜಿಗಿತ ಸರಾಸರಿ 14ರ ಆಸುಪಾಸಿನಲ್ಲಿ ಬರುತ್ತೆ. ಆ ಒಂದು ವರ್ಷದಲ್ಲಿ 9-10 ಸೆಂಟಿಮೀಟರ್ ಬೆಳೆಯೋದು ಸಾಮಾನ್ಯ. ಆದರೆ ಇದು ಸರಾಸರಿ. ಕೆಲವರಿಗೆ 12ಕ್ಕೇ ಬರುತ್ತೆ, ಕೆಲವರಿಗೆ 16ಕ್ಕೆ. ಅಂದ್ರೆ ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರ ಮೂಳೆಗಳ ವಯಸ್ಸಿನಲ್ಲಿ ಮೂರು-ನಾಲ್ಕು ವರ್ಷದ ವ್ಯತ್ಯಾಸ ಇರಬಹುದು. ಒಬ್ಬನ ಭುಜದಲ್ಲಿ ಆಗಲೇ ಮಾಂಸಖಂಡ, ಇನ್ನೊಬ್ಬನ ದನಿಯೂ ಒಡೆದಿಲ್ಲ. ಡಿಕ್ಕಿ ಹೊಡೆದು ಚೆಂಡು ಕಿತ್ಕೊಳ್ಳೋ ಆಟದಲ್ಲಿ ಯಾರು ಕಣ್ಣಿಗೆ ಬೀಳ್ತಾರೆ ಹೇಳಿ?

ಇದರ ಮೇಲೆ ಹುಟ್ಟಿದ ತಿಂಗಳ ಆಟ ಬೇರೆ. ಫುಟಿಯಲ್ಲಿ ವಯಸ್ಸಿನ ಗುಂಪು ಮಾಡೋದು ಕ್ಯಾಲೆಂಡರ್ ವರ್ಷದ ಮೇಲೆ. ಡ್ರಾಫ್ಟ್‌ಗೂ ಅಷ್ಟೆ, ಆ ವರ್ಷದ ಡಿಸೆಂಬರ್ 31ರೊಳಗೆ 18 ತುಂಬಬೇಕು. ಜನವರಿಯಲ್ಲಿ ಹುಟ್ಟಿದವನೂ ನವೆಂಬರ್ ಕೊನೆಯಲ್ಲಿ ಹುಟ್ಟಿದವನೂ ಒಂದೇ ಗುಂಪು. ಈ ಹುಡುಗ ಹುಟ್ಟಿದ್ದು ನವೆಂಬರ್ ಕೊನೆಯ ವಾರದಲ್ಲಿ. ವಿಕ್ಟೋರಿಯಾದ ಶಾಲೆಗಳಲ್ಲಿ ಗೆರೆ ಎಳೆದಿರೋದು ಏಪ್ರಿಲ್ 30ಕ್ಕೆ. ಹಾಗಾಗಿ ಜನವರಿಯಲ್ಲಿ ಹುಟ್ಟಿದ ಮಗು ಮೈದಾನದಲ್ಲಿ ಎಲ್ಲರಿಗಿಂತ ದೊಡ್ಡದು, ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕವರ ಸಾಲಿಗೆ. ಮಗು ಒಂದೇ, ಗೆರೆ ಬೇರೆ. ಕರ್ನಾಟಕದಲ್ಲಿ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನೋ ನಿಯಮದ ಮೇಲೆ ಪೋಷಕರು ಯಾಕಷ್ಟು ತಲೆಕೆಡಿಸಿಕೊಂಡ್ರು ಅಂತ ಈಗ ಅರ್ಥ ಆಗುತ್ತೆ.

ಎಎಫ್‌ಎಲ್ ಡ್ರಾಫ್ಟ್‌ನಲ್ಲಿ ಆಯ್ಕೆಯಾದವರ ಹುಟ್ಟಿದ ತಿಂಗಳುಗಳನ್ನ ಸಂಶೋಧಕರು ನೋಡಿದಾಗ 17-18ರ ವಯಸ್ಸಿನಲ್ಲಿ ಆಯ್ಕೆಯಾದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರ ಪಾಲು ಹೆಚ್ಚಿತ್ತು. ಸ್ವಾರಸ್ಯ ಮುಂದಿದೆ: 20 ದಾಟಿದ ಮೇಲೆ ಆಯ್ಕೆಯಾದವರಲ್ಲಿ ಇದು ತಿರುಗುಮುರುಗು, ವರ್ಷದ ಕೊನೆಯಲ್ಲಿ ಹುಟ್ಟಿದವರೇ ಹೆಚ್ಚು. ಮೊದಲ ಅಳತೆಯಲ್ಲಿ ಬಿಟ್ಟುಹೋದವರು ಎರಡನೇ ಅಳತೆಯಲ್ಲಿ ಕಂಡರು.

ಅಜ್ಜಿಯ ಗಾದೆ, ರಾಗಿ ಗದ್ದೆಯ ಅನುಭವ

ಈಗ ಅಜ್ಜಿಯ ಗಾದೆಗೆ ಬರೋಣ. ಮೊಳಕೆಯಲ್ಲಿ ಸಿರಿ ಕಾಣುತ್ತಾ?

ಇಂಡಾಫ್ ರಾಗಿ ತಳಿಗಳನ್ನ ಕೊಟ್ಟ ರಾಗಿ ಲಕ್ಷ್ಮಣಯ್ಯನವರ ಹೆಸರು ಮಂಡ್ಯ ಕಡೆಯವರು ಕೇಳಿರ್ತೀರಿ. ಭಾರತದ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಹುಟ್ಟಿದ ತಳಿಗಳವು. ಹೀಗೆ ಬೆರೆಸಿದ ಮೇಲೆ ಸಾವಿರಾರು ಬಗೆಯ ಗಿಡಗಳು ಹುಟ್ತವೆ, ಅದರಲ್ಲಿ ಒಳ್ಳೇದನ್ನ ಆರಿಸಬೇಕು. ತಳಿ ಅಭಿವೃದ್ಧಿ ಮಾಡೋರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಕಾಂಡದ ಬಣ್ಣ, ಎತ್ತರ, ಹೂಬಿಡೋ ಕಾಲದಂಥ ಗುಣಗಳನ್ನ ಒಂದೊಂದೇ ಗಿಡ ನೋಡಿ ಆರಂಭದಲ್ಲೇ ಆರಿಸಬಹುದು. ಇಳುವರಿಯನ್ನ ಹಾಗೆ ಆರಿಸೋಕೆ ಹೋದ್ರೆ ಮೋಸ ಹೋಗ್ತೀವಿ. ಯಾಕಂದ್ರೆ ಇಳುವರಿ ಬಹಳಷ್ಟು ಜೀನ್‌ಗಳ ಸಣ್ಣ ಸಣ್ಣ ಕೊಡುಗೆ, ಅದರ ಜೊತೆ ಆ ಗಿಡ ನಿಂತ ಜಾಗದ ನೀರು, ಗೊಬ್ಬರ, ನೆರಳು. ಒಂದೇ ಗಿಡ ನೋಡಿದ್ರೆ ಬೀಜ ಒಳ್ಳೇದೋ ಜಾಗ ಒಳ್ಳೇದೋ ಹೇಳೋಕಾಗಲ್ಲ. ಅದಕ್ಕೇ ಅವರು ಇಳುವರಿಯ ತೀರ್ಪನ್ನ ಕೆಲವು ತಲೆಮಾರು ಮುಂದಕ್ಕೆ ಹಾಕ್ತಾರೆ. ಬೇರೆ ಬೇರೆ ಹೊಲಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಬೆಳೆದು ನೋಡ್ತಾರೆ.

ಹಾಗಾಗಿ ಗಾದೆ ಅರ್ಧ ನಿಜ. ಕೆಲವು ಗುಣಗಳು ಮೊಳಕೆಯಲ್ಲೇ ಕಾಣ್ತವೆ. ಫುಟಿಯಲ್ಲಿ ಓಟದ ವೇಗ, ಎತ್ತರ ಅಂಥವು. ಗದ್ದಲದ ನಡುವೆ ಚೆಂಡು ಎಲ್ಲಿ ಬೀಳುತ್ತೆ ಅಂತ ಓದೋದು, ಸೋತ ಮೇಲೆ ಮತ್ತೆ ಮೈದಾನಕ್ಕೆ ಬರೋದು, ಇವು ಇಳುವರಿಯ ಜಾತಿ. ಹಲವು ಹೊಲ, ಹಲವು ವರ್ಷ ಬೇಕು.

ಎಎಫ್‌ಎಲ್ ಕೂಡ ನಿಧಾನವಾಗಿ ಇದನ್ನ ಕಲಿತಿದೆ. ನಮ್ಮ ಪಕ್ಕದ ಜೀಲಾಂಗ್ ಕ್ಲಬ್ 2016ರಲ್ಲಿ ಟಾಮ್ ಸ್ಟೀವರ್ಟ್‌ನನ್ನ 40ನೇ ಪಿಕ್‌ನಲ್ಲಿ ತಗೊಂಡಾಗ ಅವನಿಗೆ 23. ಮುಂದೆ ಲೀಗ್‌ನ ಅತ್ಯುತ್ತಮ ರಕ್ಷಕರಲ್ಲಿ ಒಬ್ಬನಾದ. 2019ರಲ್ಲಿ ಋತುವಿನ ಮಧ್ಯದಲ್ಲೂ ಒಂದು ಡ್ರಾಫ್ಟ್ ಮತ್ತೆ ಶುರುವಾಯ್ತು. ಅದರಲ್ಲಿ ರಿಚ್ಮಂಡ್ ಆರಿಸಿದ್ದು 27 ವರ್ಷದ ಮಾರ್ಲಿಯನ್ ಪಿಕೆಟ್‌ನನ್ನ. ಅದೇ ವರ್ಷ ಅವನು ಆಡಿದ ಮೊಟ್ಟಮೊದಲ ಎಎಫ್‌ಎಲ್ ಪಂದ್ಯವೇ ಗ್ರ್ಯಾಂಡ್ ಫೈನಲ್, ಗೆದ್ದೂ ಬಿಟ್ಟರು. ಇನ್ನು ನಮ್ಮ ಪಶ್ಚಿಮ ಬಡಾವಣೆಗಳ ವೆಸ್ಟರ್ನ್ ಬುಲ್‌ಡಾಗ್ಸ್ 2016ರಲ್ಲಿ 62 ವರ್ಷಗಳ ನಂತರ ಪ್ರೀಮಿಯರ್‌ಶಿಪ್ ಗೆದ್ದಾಗ ಫೈನಲ್‌ನ ಶ್ರೇಷ್ಠ ಆಟಗಾರ ಜೇಸನ್ ಜೊಹಾನಿಸನ್. ಅವನೂ, ಡೇಲ್ ಮಾರಿಸ್, ಲಿಯಾಮ್ ಪಿಕನ್, ಲೂಕ್ ಡಾಲ್‌ಹಾಸ್ ಕೂಡ ರೂಕಿ ಡ್ರಾಫ್ಟ್‌ನ ಸಣ್ಣ ಬಾಗಿಲಿನಿಂದ ಬಂದವರು.

ಸ್ನೇಹಿತರಿಗೆ ನನ್ನ ಉತ್ತರ

ಈಗ ಕಾರ್ ಪಾರ್ಕಿಂಗ್‌ಗೆ ವಾಪಸ್. ನಿಮ್ಮ ಮಗ ಎಎಫ್‌ಎಲ್ ಆಡ್ತಾನೆ ಅಂತ ನಾನು ಹೇಳಲ್ಲ. ಆಯ್ಕೆಯಾದ ಹುಡುಗರಲ್ಲೂ ಬಹುಪಾಲು ಅಲ್ಲಿಗೆ ತಲುಪಲ್ಲ. ಸ್ವಾನ್ ಕಥೆ ಹೇಳಿ ಆಸೆ ಹುಟ್ಟಿಸಿದ್ರೆ ಅದೂ ಸುಳ್ಳೇ. ಆದರೆ ಆ ಪಟ್ಟಿ ಏನು ಹೇಳುತ್ತೆ, ಏನು ಹೇಳಲ್ಲ ಅಂತ ಹೇಳಬಲ್ಲೆ. ಅದು ಒಂದೆರಡು ದಿನ, ಕೆಲವು ಕಣ್ಣುಗಳು, 13ನೇ ವಯಸ್ಸಿನ ಒಂದು ದೇಹವನ್ನ ಅಳೆದ ಲೆಕ್ಕ. ಪಟ್ಟಿಯ ಒಳಗಿನ ಕೊನೆಯವನಿಗೂ ಹೊರಗಿನ ಮೊದಲನೆಯವನಿಗೂ ನಡುವೆ ಇರೋದು ಬಹುಶಃ ಆ 6 ಮಿಲಿಮೀಟರ್. ಅದನ್ನ ಮಗನ ಯೋಗ್ಯತೆ ಅಂತ ಓದಬೇಡಿ, ಅವನು ಹಾಗೆ ಓದೋಕೂ ಬಿಡಬೇಡಿ.

ಸುಜಾನ್ ಕೋರಿ ಪರೀಕ್ಷೆ ಬರೆಸಿ, ತಪ್ಪೇನಿಲ್ಲ. ಆದರೆ ಫುಟಿಯಲ್ಲಿ ಸೋತದ್ದಕ್ಕೆ ಬದಲಿಯಾಗಿ ಬರೆಸಬೇಡಿ. ಅದೂ ಒಂದು ಪಟ್ಟಿಯೇ. ಅಲ್ಲೂ ಗೆರೆಯ ಎರಡೂ ಪಕ್ಕ ಒಂದೇ ತೂಕದ ಮಕ್ಕಳು ನಿಂತಿರ್ತಾರೆ. ಸಿಇಟಿ ರ‍್ಯಾಂಕಿನ ಒಂದೊಂದು ನಂಬರಿಗೂ ಉಸಿರು ಬಿಗಿಹಿಡಿದು ಬೆಳೆದವರು ನಾವು, ಇಷ್ಟಾದ್ರೂ ಮಕ್ಕಳಿಗೆ ಹೇಳಬೇಕಲ್ವಾ.

ಬೂಟನ್ನ ಅಟ್ಟಕ್ಕೆ ಹಾಕಬೇಡಿ, ಬಾಗಿಲ ಪಕ್ಕದಲ್ಲೇ ಇರಲಿ. ಊರಿನ ಕ್ಲಬ್‌ನಲ್ಲಿ ಗೆಳೆಯರ ಜೊತೆ ಆಡ್ಲಿ. ಅವನ ಎತ್ತರದ ಜಿಗಿತ ಇನ್ನೂ ಬಂದಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಪಟ್ಟಿಯ ಕಥೆ ಇದ್ರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.